ನೇತ್ರಾಣಿಯ ಡೈವಿಂಗ್ ಅನುಭವ ಸ್ಕಾಪಾ ಫ್ಲೋಗೆ ಸಾಕೇ?

ನೇತ್ರಾಣಿಯಲ್ಲಿ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿದ್ದೀರಿ, ಓದಲು ಸ್ಕಾಟ್ಲೆಂಡಿಗೆ ಬಂದಿದ್ದೀರಿ, ಸ್ಕಾಪಾ ಫ್ಲೋದಲ್ಲಿ ಮುಳುಗಿರುವ ಜರ್ಮನ್ ಯುದ್ಧನೌಕೆಗಳನ್ನು ಈ ಬೇಸಿಗೆಯಲ್ಲೇ ನೋಡಬಹುದೇ ಎಂದು ಕೇಳಿದ್ದೀರಿ. ಸ್ಕಾಪಾಗೆ ಖಂಡಿತ ಹೋಗಿ. ಆದರೆ ಆ ದೊಡ್ಡ ಹಡಗುಗಳಿಗೆ ಈ ಬೇಸಿಗೆ ಬೇಡ. ಅಲ್ಲಿ ಹಲವು ವರ್ಷಗಳಿಂದ ಇಳಿಯುತ್ತಿರುವವನಾಗಿ ಹೇಳುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು: 1919ರ ಜೂನ್ 21ರಂದು ಆರ್ಕ್ನಿ ದ್ವೀಪಗಳ ನಡುವಿನ ಈ ಕೊಲ್ಲಿಯಲ್ಲಿ ಜರ್ಮನ್ ಅಡ್ಮಿರಲ್ ಲುಡ್ವಿಗ್ ಫಾನ್ ರಾಯ್ಟರ್, ಮೊದಲ ಮಹಾಯುದ್ಧದ ನಂತರ ಅಲ್ಲಿ ಬ್ರಿಟಿಷರ ಕಾವಲಿನಲ್ಲಿದ್ದ ತಮ್ಮ ಹಡಗುಗಳು ಬ್ರಿಟಿಷರ ಕೈಗೆ ಸಿಗಬಾರದೆಂದು ಅವನ್ನು ತಾವೇ ಮುಳುಗಿಸಿಬಿಟ್ಟರು. 74ರಲ್ಲಿ 52 ತಳ ಸೇರಿದವು. ಹೆಚ್ಚಿನವನ್ನು ಆಮೇಲೆ ಗುಜರಿಗೆಂದು ಮೇಲೆತ್ತಿದರು. ಇಂದು ಉಳಿದಿರುವ ದೊಡ್ಡವು ಏಳೇ: ಮೂರು ಭಾರಿ ಯುದ್ಧನೌಕೆಗಳು, ಅವಕ್ಕಿಂತ ಚಿಕ್ಕ ನಾಲ್ಕು ಕ್ರೂಸರ್‌ಗಳು.

ಹೊಸಬರೆಲ್ಲ ಕೇಳುವುದು ಆಳದ ಬಗ್ಗೆ. ಆ ಮೂರು ಭಾರಿ ನೌಕೆಗಳಲ್ಲೊಂದಾದ ಮಾರ್ಕ್‌ಗ್ರಾಫ್ 45 ಮೀಟರ್ ಕೆಳಗಿದೆ, ನಿಜ. ಆದರೆ ನಿಮ್ಮನ್ನು ಮೊದಲು ಸೋಲಿಸುವುದು ಚಳಿ. ನೇತ್ರಾಣಿಯ 27-28 ಡಿಗ್ರಿ ಎಲ್ಲಿ, ಇಲ್ಲಿಯ ನೀರೆಲ್ಲಿ! ಬೇಸಿಗೆಯ ಕೊನೆಯಲ್ಲೂ 13-14 ಡಿಗ್ರಿ, ವಸಂತದ ಆರಂಭದಲ್ಲಿ 6-7. ನೀರು ಒಳಗೆ ಬಾರದ ಉಡುಪು, ಡ್ರೈಸೂಟ್, ಮೈಯನ್ನು ಕಾಯುತ್ತದೆ, ಬೆರಳುಗಳನ್ನು ಅಷ್ಟಾಗಿ ಕಾಯುವುದಿಲ್ಲ. ದಪ್ಪ ಗ್ಲೌಸ್ ಹಾಕಿಕೊಂಡು ಇಪ್ಪತ್ತು ನಿಮಿಷ ಕಳೆದ ಮೇಲೆ ಸೊಂಟದ ಕೊಕ್ಕೆಯನ್ನು ಹಾಕಲು ಹೋಗಿ ನೋಡಿ. ಕೈಗೆ ಏನೋ ತಗಲುತ್ತದೆ, ಅದು ಕೊಕ್ಕೆಯೋ, ಕೊಕ್ಕೆ ಸಿಕ್ಕಿಸುವ ಬಳೆಯೋ, ಗಾಳಿಯ ಹೋಸೋ ತಿಳಿಯುವುದಿಲ್ಲ. ಅದೇ ಕೈಯಿಂದ ತಲೆಯ ಹಿಂದಿನ ಸಿಲಿಂಡರ್ ವಾಲ್ವ್ ಮುಚ್ಚಬೇಕಾಗಿ ಬಂದರೆ?

ಬರಬಹುದು. ಸಿಲಿಂಡರಿನ ಅಧಿಕ ಒತ್ತಡದ ಗಾಳಿ, ಅದನ್ನು ಉಸಿರಾಡುವಷ್ಟಕ್ಕೆ ಇಳಿಸಿಕೊಡುವ ರೆಗ್ಯುಲೇಟರಿನ ಮೊದಲ ಭಾಗದಲ್ಲಿ (ಫಸ್ಟ್ ಸ್ಟೇಜ್) ಹಿಗ್ಗುವಾಗ ವಿಪರೀತ ತಣ್ಣಗಾಗುತ್ತದೆ. ತಣ್ಣೀರಿನಲ್ಲಿ ಅಲ್ಲಿ ಮಂಜುಗಡ್ಡೆ ಕಟ್ಟಿ ಕವಾಟ ತೆರೆದೇ ನಿಂತುಬಿಡಬಹುದು. ಬಾಯೊಳಗೆ ಗಾಳಿ ಭೋರೆಂದು ನುಗ್ಗುತ್ತದೆ, ಕಣ್ಣೆದುರು ಬರೀ ಗುಳ್ಳೆ. 40 ಮೀಟರಿನಲ್ಲಿ ಸಿಲಿಂಡರ್ ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ. ಹಾಗಾಗಿಯೇ ತಣ್ಣೀರಿಗೆಂದೇ ಮಾಡಿದ ರೆಗ್ಯುಲೇಟರ್, ಅದೂ ಎರಡು, ಬೇರೆ ಬೇರೆ ವಾಲ್ವ್‌ಗಳ ಮೇಲೆ ಇರಲೇಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ಇನ್ನು ಆಳದ ಲೆಕ್ಕ. 40 ಮೀಟರಿನಲ್ಲಿ ಒತ್ತಡ ಮೇಲಿನದರ ಐದು ಪಟ್ಟು, ಗಾಳಿಯ ಖರ್ಚೂ ಐದು ಪಟ್ಟು. ಡಿಕಂಪ್ರೆಶನ್ (ಮೈಯಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲೆಂದು ಮೇಲೆ ಬರುವಾಗ ನಡುವೆ ನಿಲ್ಲುವುದು) ಇಲ್ಲದೆ ಅಲ್ಲಿ ಸಿಗುವುದು ಎಂಟು-ಒಂಬತ್ತು ನಿಮಿಷ, ಅದರಲ್ಲಿ ಇಳಿಯುವುದಕ್ಕೇ ಒಂದಷ್ಟು ಹೋಗುತ್ತದೆ. ಹಡಗನ್ನು ನೋಡಬೇಕೆಂದರೆ ಡಿಕಂಪ್ರೆಶನ್ ಬಂದೇ ಬರುತ್ತದೆ. ಆಗ 6 ಮೀಟರಿನಲ್ಲಿ ಅಲುಗಾಡದೆ ನಿಂತಿರಬೇಕು. ಮೈ ತಣ್ಣಗಾದರೆ ಕೈಕಾಲಿನ ರಕ್ತನಾಳಗಳು ಬಿಗಿಯುತ್ತವೆ, ನೈಟ್ರೋಜನ್ ಹೊರಹೋಗುವುದು ನಿಧಾನವಾಗುತ್ತದೆ. ತಳದಲ್ಲಿ ಬೆಚ್ಚಗಿದ್ದು, ಮೇಲೆ ಬರುವಾಗ ನಡುಗುವುದು ಎಲ್ಲಕ್ಕಿಂತ ಕೆಟ್ಟದ್ದು.

ಇಷ್ಟೆಲ್ಲ ಕಷ್ಟ ಯಾಕೆ ಪಡಬೇಕು ಎಂದರೆ ಕ್ರೋನ್‌ಪ್ರಿನ್ಸ್ ವಿಲ್ಹೆಲ್ಮ್‌ಗಾಗಿ. ಈ ಭಾರಿ ನೌಕೆಗಳು ಮಗುಚಿ ಬಿದ್ದಿವೆ, ಮೇಲಿಂದ ಕಾಣುವುದು ಹಡಗಿನ ಅಡಿಹೊಟ್ಟೆ. ಪಕ್ಕದಲ್ಲಿ ಇಳಿದು, ಡೆಕ್ಕಿನ ಕೆಳಗೆ ಟಾರ್ಚ್ ಹಾಯಿಸಿದರೆ 30.5 ಸೆಂಟಿಮೀಟರ್ ಬಾಯಿಯ ಫಿರಂಗಿ ನಳಿಗೆ ಕಾಣುತ್ತದೆ. 1916ರ ಜಟ್‌ಲ್ಯಾಂಡ್ ಕದನಕ್ಕೆ ಹೋಗಿ ಬಂದ ಹಡಗು ಅದು. ಎಷ್ಟು ಸಲ ನೋಡಿದರೂ ನನಗೆ ರೋಮಾಂಚನ. ಒಳಗೆ ಮಾತ್ರ ನುಗ್ಗಬೇಡಿ. ನೂರು ವರ್ಷದ ಉಕ್ಕು ಕುಸಿಯುತ್ತಿದೆ, ಕಾಲಿಗೆ ಹಾಕಿದ ಫಿನ್ ಒಮ್ಮೆ ತಾಗಿದರೆ ಕೆಸರೆದ್ದು ಬಂದ ದಾರಿಯೇ ಕಾಣದು. ಏನನ್ನೂ ಎತ್ತಿಕೊಂಡು ಬರುವಂತಿಲ್ಲ, ಆ ಏಳೂ ಸಂರಕ್ಷಿತ ಸ್ಮಾರಕಗಳು. 1939ರಲ್ಲಿ ಎಂಟುನೂರಕ್ಕೂ ಹೆಚ್ಚು ಜನರೊಂದಿಗೆ ಮುಳುಗಿದ ಬ್ರಿಟಿಷ್ ನೌಕೆ ರಾಯಲ್ ಓಕ್ ಕೂಡ ಇದೇ ಕೊಲ್ಲಿಯಲ್ಲಿದೆ. ಅದು ಯೋಧರ ಸಮಾಧಿ, ಅಲ್ಲಿ ಇಳಿಯುವುದು ನಿಷಿದ್ಧ.

ಈ ಬೇಸಿಗೆ ಡ್ರೈಸೂಟ್ ಕಲಿಯಿರಿ. 6 ಮೀಟರಿನಲ್ಲಿ ತೇಲುತ್ತಾ, ಗ್ಲೌಸ್ ಹಾಕಿಕೊಂಡೇ ವಾಲ್ವ್ ಮುಚ್ಚಿ ತೆರೆಯುವುದು, ನೀವಿರುವ ಜಾಗ ತೋರಿಸುವ ತೇಲುಬುರುಡೆ (ಬೋಯ್) ಮೇಲಕ್ಕೆ ಬಿಡುವುದು ಬೇಸರ ಬರುವಷ್ಟು ಮಾಡಿ. ಸ್ಕಾಪಾದಲ್ಲೇ ಎಫ್-2 ಎಂಬ ಪುಟ್ಟ ಹಡಗು 18 ಮೀಟರಿನಲ್ಲಿದೆ, ಶುರುವಿಗೆ ಚೆನ್ನಾಗಿದೆ. ಆಮೇಲೆ ಸುಮಾರು 25 ಮೀಟರಿನಲ್ಲಿರುವ ಕ್ರೂಸರ್ ಕಾರ್ಲ್ಸ್‌ರೂಹೆ, ಡಿಕಂಪ್ರೆಶನ್ ತರಬೇತಿ ಮುಗಿದ ಮೇಲೆ ಉಳಿದವು. ಆರ್ಕ್ನಿಯ ಬಂದರು ಸ್ಟ್ರೋಮ್ನೆಸ್‌ನಿಂದ ಹೊರಡುವ ಬೋಟಿನವರಿಗೆ ಬುಕ್ ಮಾಡುವಾಗಲೇ ತಣ್ಣೀರಿನ ಅನುಭವ ಎಷ್ಟಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ, ಅದಕ್ಕೆ ತಕ್ಕ ಹಡಗನ್ನೇ ಮೊದಲು ಕೇಳಿ.