ಮಳೆಗಾಲದಲ್ಲಿ ಸೋಲಾರ್ ದೀಪ ಉರಿಯುತ್ತದೆಯೇ?

ಪ್ರಶ್ನೆ: ನಮ್ಮದು ತೋಟದ ನಡುವಿನ ಒಂಟಿ ಮನೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ವಾರಗಟ್ಟಲೆ ಕರೆಂಟ್ ಇರುವುದಿಲ್ಲ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಸೋಲಾರ್ ಹಾಕಿಸೋಣ ಅಂದರೆ ಯಜಮಾನರು, ‘ಬಿಸಿಲಿಲ್ಲದ ಊರಲ್ಲಿ ಸುಮ್ನೆ ದುಡ್ಡು ದಂಡ, ಬ್ಯಾಟರಿ ಎರಡೇ ವರ್ಷ’ ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಯಲ್ಲಾಪುರ ತಾಲ್ಲೂಕು

ಉತ್ತರ: ಧೈರ್ಯವಾಗಿ ಹಾಕಿಸಿ ಅಕ್ಕಾ. ಶಿರಸಿ ಸುತ್ತಮುತ್ತ ಮನೆಗಳಿಗೆ ಸೋಲಾರ್ ದೀಪ ಕೂರಿಸುವುದೇ ನನ್ನ ಕೆಲಸ, ಈ ಮಾತು ದಿನಾ ಕೇಳುತ್ತೇನೆ. ಮೋಡ ಕವಿದಿದ್ದರೂ ಪ್ಯಾನೆಲ್ ಚಾರ್ಜ್ ಮಾಡುತ್ತದೆ, ಕಡಿಮೆ ಅಷ್ಟೇ. ಆ ಕೊರತೆ ತುಂಬುವುದು ಬ್ಯಾಟರಿ. ಲೆಕ್ಕ ನೋಡಿ: 5 ವಾಟ್‌ನ 4 ಎಲ್‌ಇಡಿ ದೀಪ ದಿನಕ್ಕೆ 4 ಗಂಟೆ ಉರಿದರೆ 80 ವಾಟ್‌-ಅವರ್. 12 ವೋಲ್ಟ್‌, 40 ಆಂಪಿಯರ್‌-ಅವರ್ ಬ್ಯಾಟರಿಯಲ್ಲಿ 12×40, ಅಂದರೆ 480 ವಾಟ್‌-ಅವರ್ ಹಿಡಿಯುತ್ತದೆ. ಅರ್ಧ ಮಾತ್ರ ಬಳಸಿದರೂ ಮೂರು ರಾತ್ರಿ ಬಂತು. ಅಗ್ಗ ಅಂತ ಇದಕ್ಕಿಂತ ಚಿಕ್ಕದು ತಗೋಬೇಡಿ. ಆಷಾಢದಲ್ಲಿ ಪದೇ ಪದೇ ಪೂರ್ತಿ ಖಾಲಿಯಾದರೆ ಯಜಮಾನರು ಹೇಳಿದ ಹಾಗೇ ಆಗುತ್ತದೆ.

ತೋಟದ ಮನೆಗೆ ನೆರಳಿನ ಕಾಟ ಜಾಸ್ತಿ. ಒಂದು ತೆಂಗಿನ ಗರಿಯ ನೆರಳು ಪ್ಯಾನೆಲ್ ಮೂಲೆಗೆ ಬಿದ್ದರೂ ಚಾರ್ಜ್ ಕುಸಿಯುತ್ತದೆ, ಯಾಕೆಂದರೆ ಅದರೊಳಗಿನ ಸೆಲ್‌ಗಳೆಲ್ಲ ಒಂದೇ ಸಾಲಿನಲ್ಲಿ ಜೋಡಿಸಿರುತ್ತವೆ. ಹೆಂಚಿನ ಮೇಲೆ ನೆರಳಿದ್ದರೆ ಬಿಡಿ, ಅಂಗಳದಲ್ಲಿ ಕಂಬ ನೆಟ್ಟು ದಕ್ಷಿಣಕ್ಕೆ ಮುಖ ಮಾಡಿಸಿ.

ಮುಖ್ಯವಾಗಿ, ಕೆಟ್ಟರೆ ಬರುವವರು ಯಾರು ಅಂತ ಮೊದಲೇ ಕೇಳಿ. ಬಾಂಗ್ಲಾದೇಶದಲ್ಲೂ ಮಳೆಗಾಲ ಜೋರು. ಆದರೂ 2003ರಲ್ಲಿ ಶುರುವಾದ ಯೋಜನೆಯಲ್ಲಿ 40 ಲಕ್ಷಕ್ಕೂ ಜಾಸ್ತಿ ಹಳ್ಳಿ ಮನೆಗಳಿಗೆ ಸೋಲಾರ್ ಬಂತು. ಅಲ್ಲಿನ ಗ್ರಾಮೀಣ ಶಕ್ತಿ ಸಂಸ್ಥೆಯವರು ಕಂತು ವಸೂಲಿಗೆ ಮನೆಗೇ ಬರುತ್ತಿದ್ದರು, ಬಂದಾಗ ಬ್ಯಾಟರಿಯನ್ನೂ ನೋಡುತ್ತಿದ್ದರು. ಊರಿನ ಹೆಣ್ಣುಮಕ್ಕಳಿಗೇ ರಿಪೇರಿ ಕಲಿಸಿದರು. ನನಗೆ ಇದು ಬಹಳ ಹಿಡಿಸಿದ ಸಂಗತಿ. ನಮ್ಮ ರಾಜ್ಯದ ಸೋಲಾರ್ ಕಂಪನಿ ಸೆಲ್ಕೋ ಕೂಡ 1995ರಿಂದ ಬ್ಯಾಂಕ್ ಸಾಲ ಮತ್ತು ಸರ್ವಿಸ್ ಎರಡನ್ನೂ ಜೊತೆಗೇ ಇಟ್ಟುಕೊಂಡು ಬಂದಿದೆ.

ನೀವೂ ಮಗಳಿಗೆ ಕಲಿಸಿ. ಬ್ಯಾಟರಿ ಟರ್ಮಿನಲ್‌ಗೆ ಬಿಳಿ ಪುಡಿ ಕಟ್ಟಿದರೆ ವೈರ್ ಬಿಚ್ಚಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ವೈರ್ ಬಿಗಿದು ವ್ಯಾಸಲೀನ್ ಸವರಬೇಕು. ಬ್ಯಾಟರಿಯೊಳಗಿನ ನೀರು ಕೆಳಗಿನ ಗೆರೆಗೆ ಇಳಿಯುವ ಮೊದಲೇ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಬಾವಿ ನೀರು ಬೇಡವೇ ಬೇಡ.

ಸಾಲ ಮಾಡುವುದಾದರೆ, ಕಂತು ತಿಂಗಳಿಗೆ ಬೇಡ, ಅಡಿಕೆ ಮಾರಿದ ಮೇಲೆ ಕಟ್ಟುತ್ತೇವೆ ಅಂತ ಬ್ಯಾಂಕಿನಲ್ಲಿ ಕೇಳಿ ನೋಡಿ. ಮೇ ತಿಂಗಳೊಳಗೆ ಹಾಕಿಸಿಬಿಡಿ.