ಓದುಗರ ಪ್ರಶ್ನೆ: ಮನೆಗೂ ಸ್ಟೇಜಿಗೂ ಒಂದೇ ಟ್ಯೂಬ್ ಆಂಪ್ ಸಾಕಾ?

ಪ್ರಶ್ನೆ: ಸರ್, ನಾನಿರೋದು ಬೆಂಗಳೂರಲ್ಲಿ, ಎರಡು ಬೆಡ್‌ರೂಮಿನ ಫ್ಲ್ಯಾಟು. ಇಷ್ಟು ದಿನ ಗಿಟಾರನ್ನ ಪ್ರಾಸೆಸರ್‌ನಿಂದ (ದನಿ ಬದಲಿಸೋ ಎಲೆಕ್ಟ್ರಾನಿಕ್ ಪೆಟ್ಟಿಗೆ) ನೇರ ಮಿಕ್ಸರ್‌ಗೆ ಕೊಟ್ಟು ಆರ್ಕೆಸ್ಟ್ರಾದಲ್ಲಿ ನುಡಿಸ್ತಿದ್ದೆ. ಈಗ ನಾಲ್ಕು ಜನ ಸೇರ್ಕೊಂಡು ಬ್ಲೂಸ್ ಬ್ಯಾಂಡ್ ಮಾಡಿದೀವಿ, ತಿಂಗಳಿಗೆ ಎರಡು ಸಲ ಪಬ್ಬಲ್ಲಿ ಶೋ ಇರುತ್ತೆ. ಸಣ್ಣ ಟ್ಯೂಬ್ ಆಂಪ್ (ಹಳೇ ರೇಡಿಯೋ ಥರ ಗಾಜಿನ ವಾಲ್ವ್ ಇರೋ ಗಿಟಾರ್ ಆಂಪ್ಲಿಫೈಯರ್) ತಗೋಬೇಕು. ಒಬ್ಬ ಫ್ರೆಂಡ್ 5 ವ್ಯಾಟ್ ಸಾಕು ಅಂತಾನೆ, ಇನ್ನೊಬ್ಬ 40 ವ್ಯಾಟ್ ಇಲ್ದೆ ಸ್ಟೇಜ್ ಹತ್ಲೇಬೇಡ ಅಂತಾನೆ. ಎರಡಕ್ಕೂ ಒಂದೇ ಆಂಪ್ ಆಗುತ್ತಾ?

ಉತ್ತರ: ಆಗುತ್ತೆ. ಆದ್ರೆ ವ್ಯಾಟ್ ನಂಬರ್ ಒಂದನ್ನೇ ಹಿಡ್ಕೊಂಡು ಅಂಗಡಿಗೆ ಹೋಗ್ಬೇಡಿ. ಮೊದಲು ನಿಮ್ಮ ಡ್ರಮ್ಮರ್ ಎಷ್ಟು ಜೋರಾಗಿ ಬಾರಿಸ್ತಾರೆ ಅಂತ ನೋಡಿ, ನಿಮ್ಮ ಆಂಪ್ ಎಷ್ಟು ದೊಡ್ಡದಿರಬೇಕು ಅಂತ ತೀರ್ಮಾನ ಆಗೋದು ಅಲ್ಲಿಂದ್ಲೇ.

ಲೆಕ್ಕ ಹೇಳ್ತೀನಿ. ವ್ಯಾಟ್ ಡಬಲ್ ಮಾಡಿದ್ರೆ ಸಿಗೋದು ಬರೀ 3 ಡೆಸಿಬಲ್. ಕಿವಿಗೆ ಸುಮಾರು ಎರಡರಷ್ಟು ಜೋರು ಅನಿಸ್ಬೇಕು ಅಂದ್ರೆ ವ್ಯಾಟ್ ಹತ್ತು ಪಟ್ಟು ಆಗ್ಬೇಕು. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 98 ಡೆಸಿಬಲ್ ಕೊಡೋ 12 ಇಂಚಿನ ಸ್ಪೀಕರ್ ಇದೆ ಅಂದ್ಕೊಳ್ಳಿ, ಸೆಲೆಸ್ಟಿಯನ್ ಗ್ರೀನ್‌ಬ್ಯಾಕ್ ಅಂಥದ್ದೇ. ಅದಕ್ಕೆ 5 ವ್ಯಾಟ್ ಕೊಟ್ಟರೆ 105, 15 ವ್ಯಾಟ್ ಕೊಟ್ಟರೆ ಹತ್ತಿರ ಹತ್ತಿರ 110, 50 ಕೊಟ್ಟರೆ 115. ಅಂದ್ರೆ ಐದಕ್ಕೂ ಐವತ್ತಕ್ಕೂ ನಡುವೆ ಇರೋದು 10 ಡೆಸಿಬಲ್ ಅಷ್ಟೇ. ಅದೇ ಆಂಪಿಗೆ 100 ಡೆಸಿಬಲ್ ಕೊಡೋ ವಿಂಟೇಜ್ 30 ಹಾಕಿದ್ರೆ 2 ಡೆಸಿಬಲ್ ಹಾಗೇ ಜಾಸ್ತಿ ಸಿಗುತ್ತೆ, ವ್ಯಾಟ್ ಒಂದೂವರೆ ಪಟ್ಟು ಏರಿಸಿದಷ್ಟಾಯ್ತು. ಸ್ಪೀಕರ್ ಬಗ್ಗೆ ಯಾರೂ ಕೇಳೋದೇ ಇಲ್ಲ ನೋಡಿ, ಎಲ್ಲರೂ ವ್ಯಾಟ್ ಕೇಳ್ತಾರೆ.

ಹಾಗಾದ್ರೆ 5 ವ್ಯಾಟ್ ಸಾಕಲ್ವಾ ಅಂದ್ರೆ, ಅಲ್ಲೊಂದು ವಿಷಯ ಇದೆ. ಫೆಂಡರ್ ಚಾಂಪ್ ಥರದ ಒಂದೇ ಪವರ್ ಟ್ಯೂಬಿನ (ಸ್ಪೀಕರಿಗೆ ಶಕ್ತಿ ಕೊಡೋ ಟ್ಯೂಬ್) ಆಂಪ್, ಅದರಲ್ಲಿ ಇರೋದು ಒಂದೇ ಒಂದು 6ವಿ6, ಡ್ರಮ್ಸ್ ಜೊತೆ ನಿಂತ್ರೆ ಕೇಳಿಸುತ್ತೆ ಆದ್ರೆ ಕ್ಲೀನ್ ಆಗಿ ಕೇಳಿಸಲ್ಲ, ವಾಲ್ಯೂಮ್ ಪೂರ್ತಿ ಏರಿಸಿರ್ತೀರಲ್ಲ ದನಿ ಒಡೆದೇ ಒಡೆಯುತ್ತೆ, ಅಂದ್ರೆ ಗರಗರ ಅನ್ನುತ್ತೆ. ಸೋಲೋಗೆ ಆ ಒಡೆದ ದನಿ ಬಹಳ ಚೆನ್ನಾಗಿರುತ್ತೆ, ಆದ್ರೆ ನಿಧಾನದ ಹಾಡಲ್ಲಿ ನಾಲ್ಕು ಕಾರ್ಡ್ ತೆಳುವಾಗಿ ಇಡ್ಬೇಕು ಅಂದಾಗ ಕೈ ಕಟ್ಟಿದ ಹಾಗಾಗುತ್ತೆ. ಅದಕ್ಕೇ ನಿಮಗೆ ನಾನು ಹೇಳೋದು ಎರಡು ಇಎಲ್84 ಅಥವಾ ಎರಡು 6ವಿ6 ಪವರ್ ಟ್ಯೂಬ್ ಇರೋ, 12ರಿಂದ 22 ವ್ಯಾಟಿನ ಆಂಪ್. ಫೆಂಡರ್ ಬ್ಲೂಸ್ ಜೂನಿಯರ್, 15 ವ್ಯಾಟು, 12 ಇಂಚಿನ ಸ್ಪೀಕರ್, ಸ್ಪ್ರಿಂಗ್ ರಿವರ್ಬ್ (ದೊಡ್ಡ ಹಾಲಲ್ಲಿ ನುಡಿಸಿದ ಹಾಗೆ ದನಿ ಗುಂಗುಡಿಸೋದು), ಮಾಸ್ಟರ್ ವಾಲ್ಯೂಮ್ (ಒಟ್ಟು ದನಿ ಏರಿಸಿ ಇಳಿಸೋ ನಾಬ್) ಎಲ್ಲ ಇದೆ, ತೂಕ ಸುಮಾರು 14 ಕೆಜಿ ಅಷ್ಟೇ, ಆಟೋದಲ್ಲಿ ಕಾಲ ಹತ್ರ ಇಟ್ಕೊಂಡು ಹೋಗ್ಬಹುದು. ವಾಕ್ಸ್ ಎಸಿ15, ಮೂಲ 1958ರದ್ದು, ಇದಕ್ಕೂ ಎರಡು ಇಎಲ್84, ಮೇಲಿನ ಸ್ವರಗಳಲ್ಲಿ ಗಂಟೆ ಬಾರಿಸಿದ ಹಾಗೆ ಒಂದು ಹೊಳಪಿದೆ, ಆದ್ರೆ ಈಗ ಬರೋ ಕಾಂಬೋ (ಆಂಪು, ಸ್ಪೀಕರು ಒಂದೇ ಪೆಟ್ಟಿಗೇಲಿ ಇರೋದು) 22 ಕೆಜಿ ಹತ್ರ ತೂಗುತ್ತೆ, ಲಿಫ್ಟ್ ಇಲ್ಲದ ಪಬ್ಬಾದ್ರೆ ಬೆನ್ನು ಹಿಡ್ಕೊಳ್ಳುತ್ತೆ. ಫೆಂಡರ್ ಪ್ರಿನ್ಸ್‌ಟನ್ ರಿವರ್ಬ್ 12 ವ್ಯಾಟು, 10 ಇಂಚಿನ ಸ್ಪೀಕರ್. ನನ್ನ ಮನಸ್ಸಿಗೆ ಅತಿ ಹತ್ತಿರದ್ದು ಇದೇ, ಆದ್ರೆ ದುಬಾರಿ. ಬ್ಲೂಸ್ ಬ್ಯಾಂಡು, ಫ್ಲ್ಯಾಟು, ಆಟೋ ಮೂರನ್ನೂ ಇಟ್ಕೊಂಡು ಯೋಚನೆ ಮಾಡಿದ್ರೆ ನಿಮಗೆ ಬ್ಲೂಸ್ ಜೂನಿಯರ್ ಸರಿ. ಒಂದೇ ಕೊರತೆ, ಅದರಲ್ಲಿ ಎಫೆಕ್ಟ್ಸ್ ಲೂಪ್ (ಆಂಪಿನ ಒಳಗಿನ ಹಂತಗಳ ನಡುವೆ ಪೆಡಲ್ ಸೇರಿಸೋ ಜಾಗ) ಇಲ್ಲ, ಡಿಲೇ ಪೆಡಲನ್ನ, ಅಂದ್ರೆ ಪ್ರತಿಧ್ವನಿ ಕೊಡೋ ಪೆಡಲನ್ನ, ಗಿಟಾರಿಗೂ ಆಂಪಿಗೂ ನಡುವೇನೇ ಹಾಕ್ಬೇಕು.

ಇನ್ನು ಮನೆ ವಿಷಯ ಮುಚ್ಚುಮರೆ ಇಲ್ದೆ ಹೇಳ್ಬಿಡ್ತೀನಿ. ಫ್ಲ್ಯಾಟಲ್ಲಿ ಪವರ್ ಟ್ಯೂಬಿನ ದನಿ ಒಡೆಯೋವರೆಗೆ ಏರಿಸೋಕೆ ಆಗಲ್ಲ, 5 ವ್ಯಾಟ್ ಆದ್ರೂ ಆಗಲ್ಲ, ಮೇಲಿನ ಲೆಕ್ಕ ನೋಡಿ 105 ಡೆಸಿಬಲ್, ಪಕ್ಕದ ಮನೇಲಿ ಮಗು ಮಲಗಿದ್ರೆ ಎದ್ದು ಕೂರುತ್ತೆ. ಅರ್ಧ ವ್ಯಾಟಿಗೆ ಇಳಿಸಿದ್ರೂ 95 ಬರುತ್ತೆ. ವಾಕ್ಸ್‌ನವರು ಎಸಿ4ಟಿವಿ ಅಂತ ಒಂದು ಮಾಡಿದ್ರು, ಸ್ವಿಚ್ ತಿರುಗಿಸಿದ್ರೆ 4 ವ್ಯಾಟ್, 1 ವ್ಯಾಟ್, ಕಾಲು ವ್ಯಾಟ್ ಆಗೋದು. ಕಾಲು ವ್ಯಾಟಲ್ಲೂ ಪೂರ್ತಿ ಏರಿಸಿದ್ರೆ ಬೆಡ್‌ರೂಮಿಗೆ ಜೋರೇ. ಹಾಗಾಗಿ ಮನೇಲಿ ನೀವು ನುಡಿಸೋದು ಮಾಸ್ಟರ್ ಇಳಿಸ್ಕೊಂಡೇ. ಕೊಳ್ಳೋ ಮುಂಚೆ ಆ ಇಳಿಸಿದ ದನಿಯನ್ನೇ ಪರೀಕ್ಷೆ ಮಾಡಿ.

ಅಂಗಡಿಗೆ ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ತಗೊಂಡು ಹೋಗಿ. ಪೆಡಲ್ ಬೇಡ, ನೇರ ಹಾಕಿ. ಮೊದಲ ಹತ್ತು ನಿಮಿಷ ಪಕ್ಕದವರ ಮಾತು ಕೇಳಿಸೋ ಅಷ್ಟು ಸಣ್ಣ ದನೀಲಿ ನುಡಿಸಿ, ಆಗ್ಲೂ ದನಿ ತುಂಬಿದ ಹಾಗಿದ್ಯಾ ಇಲ್ಲ ಕಂಬಳಿ ಹೊದ್ದ ಹಾಗಿದ್ಯಾ ನೋಡಿ. ಆಮೇಲೆ ಅಂಗಡಿಯವರ ಒಪ್ಪಿಗೆ ತಗೊಂಡು ದನಿ ಸ್ವಲ್ಪ ಒಡೆಯೋವರೆಗೆ ಏರಿಸಿ, ಆಂಪ್ ಮುಟ್ಟದೆ ಗಿಟಾರಿನ ವಾಲ್ಯೂಮ್ ನಾಬನ್ನ ಹತ್ತರಿಂದ ಆರಕ್ಕೆ ಕಿರುಬೆರಳಲ್ಲಿ ಇಳಿಸಿ. ಒಳ್ಳೆ ಟ್ಯೂಬ್ ಆಂಪ್ ಆದ್ರೆ ಗರಗರ ಕರಗಿ ದನಿ ತಿಳಿಯಾಗುತ್ತೆ, ಮೆಲ್ಲಗೆ ಮೀಟಿದ್ರೆ ಮೆಲ್ಲಗೆ, ಬಿಗಿಯಾಗಿ ಹೊಡೆದ್ರೆ ಕಚ್ಚುತ್ತೆ. ಇಷ್ಟು ದುಡ್ಡು ಕೊಡೋದು ಇದಕ್ಕೇ. ಇದು ಸಿಗದಿದ್ರೆ ಎಷ್ಟೇ ದೊಡ್ಡ ಹೆಸರಿದ್ರೂ ವಾಪಸ್ ಬನ್ನಿ.

ಪಬ್ಬಲ್ಲಿ ಆಂಪನ್ನ ನೆಲದ ಮೇಲೆ ಇಡ್ಬೇಡಿ. ಸ್ಪೀಕರ್ ನಿಮ್ಮ ಮೊಣಕಾಲಿಗೆ ನುಡಿಸ್ತಾ ಇರುತ್ತೆ, ಕೇಳಿಸ್ತಿಲ್ಲ ಅಂತ ನೀವು ಏರಿಸ್ತೀರಿ, ಮುಂದಿನ ಟೇಬಲ್‌ನವರು ಕಿವಿ ಮುಚ್ಕೊಳ್ತಾರೆ. ಒಂದು ಗಟ್ಟಿ ಕ್ರೇಟ್ ಮೇಲಿಟ್ಟು ಸ್ವಲ್ಪ ಹಿಂದಕ್ಕೆ ವಾಲಿಸಿ, ಮುಖ ನಿಮ್ಮ ಕಿವಿ ಕಡೆ ಇರ್ಲಿ. ಜನಕ್ಕೆ ತಲುಪಿಸೋ ಕೆಲಸ ಮೈಕಿನದ್ದು, ಶೂರ್ ಎಸ್‌ಎಂ57 ಮೈಕ್ ಒಂದನ್ನ ಸ್ಪೀಕರ್ ಮುಂದಿನ ಬಟ್ಟೆಗೆ ಒಂದಿಂಚು ದೂರದಲ್ಲಿ, ಸ್ಪೀಕರಿನ ನಟ್ಟನಡುವಿಂದ ಸ್ವಲ್ಪ ಪಕ್ಕಕ್ಕೆ ಇಟ್ಟರೆ ಸಾಕು.

ಪ್ರಶ್ನೆ: ನ್ಯೂಜೆರ್ಸಿಯಿಂದ ಅಕ್ಕ ಭಾವ ಬರ್ತಿದಾರೆ, ಆಂಪ್ ಅಲ್ಲಿಂದ್ಲೇ ತರಿಸ್ಕೊಂಡ್ರೆ ಕಡಿಮೆ ಬೀಳುತ್ತೆ. ಇಲ್ಲಿ ಪ್ಲಗ್ ಚೇಂಜ್ ಮಾಡಿದ್ರೆ ಸಾಕಲ್ವಾ? (ಮೈಸೂರು)

ಉತ್ತರ: ಸಾಕಾಗಲ್ಲ, ದಯವಿಟ್ಟು ಹಾಗೆ ಮಾತ್ರ ಮಾಡ್ಬೇಡಿ. ಅಲ್ಲಿನ ಕರೆಂಟು 120 ವೋಲ್ಟ್, 60 ಹರ್ಟ್ಜ್. ನಮ್ಮದು 230, 50 ಹರ್ಟ್ಜ್. ಪಿನ್ ಆಕಾರ ಮಾತ್ರ ಬದಲಿಸೋ ಅಡಾಪ್ಟರ್ ಹಾಕಿ ಆನ್ ಮಾಡಿದ್ರೆ ಫ್ಯೂಸ್ ಹಾರುತ್ತೆ, ಅದೃಷ್ಟ ಕೆಟ್ಟಿದ್ರೆ ಟ್ರಾನ್ಸ್‌ಫಾರ್ಮರೇ ಸುಡುತ್ತೆ. ಮೊದಲು ಆಂಪಿನ ಹಿಂದುಗಡೆ ಎಷ್ಟು ವೋಲ್ಟ್ ಅಂತ ಬರೆದಿರೋದನ್ನ ಭಾವನ ಹತ್ರ ಫೋಟೋ ತೆಗೆಸಿ ಕಳಿಸ್ಕೊಳ್ಳಿ. 120 ಅಂತಿದ್ರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. 15 ವ್ಯಾಟ್ ಆಂಪ್ ಅಂದ್ರೆ ಗೋಡೆಯಿಂದ ಎಳೆಯೋದೂ 15 ವ್ಯಾಟೇ ಅಂತ ಅಂದ್ಕೋಬೇಡಿ, ಟ್ಯೂಬ್ ಕಾಯೋದಕ್ಕೇ ಎಷ್ಟೋ ಕರೆಂಟ್ ಹೋಗುತ್ತೆ, ಹಾಗಾಗಿ 300 ವಿಎ (ಟ್ರಾನ್ಸ್‌ಫಾರ್ಮರ್ ಎಷ್ಟು ಹೊರೆ ತಡೆಯುತ್ತೆ ಅನ್ನೋ ಅಳತೆ) ಆದ್ರೂ ಇರೋದನ್ನ ತಗೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಕೇಳಿದ್ರೆ 110 ವೋಲ್ಟಿಂದು ಕೊಡ್ತಾರೆ, 120 ಬೇಕು ಅಂತ ಒತ್ತಿ ಹೇಳಿ, ಜೊತೆಗೆ ಔಟ್‌ಪುಟ್ ಸಾಕೆಟ್ಟಿಗೆ ಅರ್ಥ್ ತಂತಿ ಬಂದಿದ್ಯಾ ಅಂತ ಅಲ್ಲೇ ಮೀಟರ್ ಇಟ್ಟು ತೋರಿಸೋಕೆ ಹೇಳಿ. ಇಷ್ಟಾದ್ರೂ 60 ಹರ್ಟ್ಜ್ 50 ಆಗಿರೋದು ಹಾಗೇ ಇರುತ್ತೆ, 60ಕ್ಕೆ ಮಾತ್ರ ಅಂತ ಸುತ್ತಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಸ್ವಲ್ಪ ಜಾಸ್ತಿ ಬಿಸಿ ಆಗುತ್ತೆ. ಇದೆಲ್ಲ ಲೆಕ್ಕ ಹಾಕಿ, ಗಿಗ್ಗಿಗೆ ಹೋದಲ್ಲೆಲ್ಲ ಆ ಕಬ್ಬಿಣದ ಡಬ್ಬ ಹೊರೋದನ್ನೂ ಸೇರಿಸಿ ನೋಡಿದ್ರೆ ಇಲ್ಲೇ 230 ವೋಲ್ಟಿಂದು ತಗೊಳ್ಳೋದು ಒಳ್ಳೇದು ಅಂತ ನನಗನ್ಸುತ್ತೆ.

ಪ್ರಶ್ನೆ: ಆಂಪ್ ಗುಂಯ್ ಅಂತ ಹಮ್ ಮಾಡುತ್ತೆ. ಅರ್ಥ್ ಪಿನ್ ಕಿತ್ತು ಹಾಕಿದ್ರೆ ನಿಲ್ಲುತ್ತೆ ಅಂತ ಸೌಂಡ್‌ನವರು ಹೇಳಿದ್ರು, ಹೌದಾ? (ಹಾಸನ)

ಉತ್ತರ: ನಿಲ್ಲಬಹುದು, ಆದ್ರೆ ನಿಮ್ಮ ಉಸಿರೂ ನಿಲ್ಲಬಹುದು. ಗಣೇಶನ ಹಬ್ಬದ ಒಂದು ಪ್ರೋಗ್ರಾಂ, ಜನರೇಟರ್ ಮೇಲೆ ನಡೀತಿತ್ತು. ಕೋರಸ್ ಹಾಡೋಕೆ ಅಂತ ಮೈಕಿಗೆ ಬಾಯಿ ಹತ್ರ ತಂದೆ, ತುಟಿಗೆ ಚುರ್ ಅಂತ ಹೊಡೀತು, ಗಿಟಾರ್ ತಂತಿ ಮೇಲಿದ್ದ ಎಡಗೈ ಭುಜದವರೆಗೆ ಜೋಮು ಹಿಡೀತು. ಅವತ್ತು ಎಕ್ಸ್‌ಟೆನ್ಷನ್ ಬೋರ್ಡಲ್ಲಿ ಅರ್ಥ್ ತಂತಿ ಕಟ್ ಆಗಿತ್ತು, ಮೈಕ್ ಒಂದು ಕಡೆಯಿಂದ ಆಂಪ್ ಇನ್ನೊಂದು ಕಡೆಯಿಂದ, ನಡುವೆ ನಾನು. ಅವತ್ತಿಂದ ಸಾಕೆಟ್ ಟೆಸ್ಟರ್ ಇಲ್ದೆ ನಾನು ಮನೆ ಬಿಟ್ಟಿಲ್ಲ. ಹಮ್ ಹೋಗ್ಬೇಕು ಅಂದ್ರೆ ಆಂಪು, ಪೆಡಲ್ಲು ಎಲ್ಲ ಒಂದೇ ಬೋರ್ಡಿಗೆ ಹಾಕಿ, ಕೇಬಲ್ ಬದಲಿಸಿ ನೋಡಿ, ಸಿಂಗಲ್ ಕಾಯಿಲ್ ಗಿಟಾರಾದ್ರೆ ನಿಂತ ಜಾಗದಲ್ಲೇ ಸ್ವಲ್ಪ ತಿರುಗಿ ನೋಡಿ. ಗಿಟಾರ್ ತೆಗೆದ್ರೂ ಹಮ್ ಇದೆ ಅಂದ್ರೆ ಟೆಕ್ನಿಷಿಯನ್ ಹತ್ರ ಕೊಡಿ. ಪಿನ್ ಮಾತ್ರ ಕೀಳ್ಬೇಡಿ.

ಪ್ರಶ್ನೆ: ರಾತ್ರಿ ಹೊತ್ತು ಸ್ಪೀಕರ್ ವೈರ್ ಕಿತ್ತು ಆ ಜಾಗದಲ್ಲಿ ಹೆಡ್‌ಫೋನ್ ಹಾಕ್ಬಹುದಾ? (ದಾವಣಗೆರೆ)

ಉತ್ತರ: ಬೇಡ. ಟ್ಯೂಬ್ ಆಂಪಿಗೆ ಸರಿಯಾದ ಲೋಡ್ ಇಲ್ದೆ, ಅಂದ್ರೆ ಅದರ ಶಕ್ತಿ ತಗೊಳ್ಳೋ ಸ್ಪೀಕರ್ ಥರದ್ದು ಇಲ್ದೆ, ನುಡಿಸಿದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗ್ಬಹುದು, ಹೆಡ್‌ಫೋನೂ ಹೋಗುತ್ತೆ, ಕಿವಿಗೂ ಅಪಾಯ. ಸ್ಪೀಕರ್ ಬದಲು ಆ ಶಕ್ತಿ ತಗೊಳ್ಳೋ ಲೋಡ್ ಬಾಕ್ಸ್ ತಗೊಳ್ಳಿ, ಇಲ್ಲ ರಾತ್ರಿಗೆ ಹಳೇ ಪ್ರಾಸೆಸರ್ ಇರ್ಲಿ.

ಪ್ರಶ್ನೆ: ಅಜ್ಜನ ಕಾಲದ ವಾಲ್ವ್ ರೇಡಿಯೋ ಅಟ್ಟದ ಮೇಲಿದೆ. ಅದನ್ನೇ ಗಿಟಾರ್ ಆಂಪ್ ಮಾಡ್ಬಹುದು ಅಂತಾರೆ, ನಿಜಾನಾ? (ಸಾಗರ)

ಉತ್ತರ: ಈ ಪ್ರಶ್ನೆ ಓದಿ ಖುಷಿಯಾಯ್ತು. ಗಿಟಾರಿನವರು ಟ್ಯೂಬ್ ಅನ್ನೋದೂ ಅಜ್ಜನ ರೇಡಿಯೋದ ವಾಲ್ವೂ ಒಂದೇ. ಅಮೆರಿಕದವರು 12ಎಎಕ್ಸ್7 ಅನ್ನೋದನ್ನ ಯುರೋಪಿನವರು ಇಸಿಸಿ83 ಅಂತಾರೆ. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ಲಲ್ಲೇ ಇಂಥ ವಾಲ್ವ್‌ಗಳು ತಯಾರಾಗ್ತಿದ್ವು, ಬಿಇಎಲ್ ಮುದ್ರೆ ಇರೋ ಇಎಲ್84ಗಳನ್ನ ಇವತ್ತಿಗೂ ಹೊರದೇಶದ ಗಿಟಾರಿಸ್ಟ್‌ಗಳು ಹುಡುಕಿ ಕೊಳ್ತಾರೆ. ನಿಮ್ಮ ಅಟ್ಟದಲ್ಲೂ ಒಂದು ಇರ್ಬಹುದು.

ಆದ್ರೆ ಪ್ಲಗ್ ಹಾಕೋ ಮುಂಚೆ ವಾಲ್ವ್ ಮೇಲಿನ ಮೊದಲ ಅಕ್ಷರ ಓದಿ. ಇಎಲ್, ಇಸಿಸಿ, ಇಝಡ್ ಹೀಗೆ ಇ ಇಂದ ಶುರುವಾದ್ರೆ ಅದು 6.3 ವೋಲ್ಟ್ ಹೀಟರಿನದ್ದು, ಅಂಥ ಸೆಟ್ಟಲ್ಲಿ ಸಾಮಾನ್ಯವಾಗಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುತ್ತೆ. ಯುಎಲ್, ಯುಸಿಎಚ್ ಹೀಗೆ ಯು ಇಂದ ಶುರುವಾದ್ರೆ ಅಲ್ಲಿಗೇ ಕೈಬಿಡಿ. ಅವು ಎಸಿ ಡಿಸಿ ಎರಡಕ್ಕೂ ನಡೆಯೋ ಸೆಟ್ಟುಗಳು, ಒಳಗಿನ ಕಬ್ಬಿಣದ ಚಾಸಿಗೆ ನೇರ ಮೇನ್ಸ್ ಕರೆಂಟೇ ಬಂದಿರುತ್ತೆ, ಮರದ ಪೆಟ್ಟಿಗೆ ಹೊರಗಿರೋದ್ರಿಂದ ಅಜ್ಜನಿಗೆ ಏನೂ ಆಗಿಲ್ಲ, ಗಿಟಾರ್ ತಂತಿ ಆ ಚಾಸಿಗೆ ಸೇರಿದ್ರೆ ಮುಟ್ಟಿದ ಕೈ ಬಿಡೋದಿಲ್ಲ. ಇ ಸೀರೀಸ್ ಆದ್ರೂ ನೀವಾಗೇ ಬಿಚ್ಚಬೇಡಿ, ಅದರ ಕೆಪಾಸಿಟರ್‌ಗಳಲ್ಲಿ ಆಫ್ ಮಾಡಿದ ಮೇಲೂ ಇನ್ನೂರು ಮುನ್ನೂರು ವೋಲ್ಟ್ ಕೂತಿರ್ಬಹುದು. ಹಳೇ ರೇಡಿಯೋ ರಿಪೇರಿ ಮಾಡೋ ಹಿರಿಯರು ನಿಮ್ಮ ಊರಲ್ಲೇ ಯಾರಾದ್ರೂ ಇದ್ರೆ ಅವರ ಪಕ್ಕ ಕೂತು ಮಾಡಿಸಿ. ಸದ್ಯಕ್ಕೆ ಪ್ಲಗ್ ಹಾಕದೆ, ಹಿಂದಿನ ರಟ್ಟು ತೆಗೆದು, ಧೂಳು ಒರೆಸಿ, ವಾಲ್ವ್ ಮೇಲಿನ ಅಕ್ಷರ ಕಾಣೋ ಹಾಗೆ ಒಂದು ಫೋಟೋ ಕಳಿಸಿ. ಒರೆಸುವಾಗ ಮಾತ್ರ ಗಾಜಿನ ಮೇಲೆ ಉಜ್ಜಬೇಡಿ, ಆ ಹಳೇ ಅಚ್ಚು ಬೆರಳು ತಾಗಿದ್ರೂ ಅಳಿಸಿ ಹೋಗುತ್ತೆ.