ಪ್ರತಿ: ನಮ್ಮ ಅತಿಥಿ ಉಪನ್ಯಾಸಕರೇ ವಿಶ್ವವಿದ್ಯಾಲಯವನ್ನು ದೂರುತ್ತಾರೆ, ಸುತ್ತೋಲೆ ಹೊರಡಿಸಲೇ?

ಸುತ್ತೋಲೆ ಬೇಡ. ಅಡ್ಮಿಷನ್ ವಿಚಾರಿಸಲು ಬಂದವರಿಗೆ ಅವರು "ಬೇರೆ ಕಡೆ ನೋಡಿ" ಅನ್ನುತ್ತಿದ್ದಾರೆ ಅಂದರೆ, ಗೌರವಧನ ತಡವಾಗಿದ್ದಕ್ಕಿಂತ, ಯಾಕೆ ತಡ ಅಂತ ಯಾರೂ ಹೇಳದಿರುವುದೇ ಕಾರಣ ಇರಬೇಕು. ನಮ್ಮ ವಿಭಾಗದಲ್ಲೂ ಹೀಗೇ ಆಗಿತ್ತು. ಗೌರವಧನದ ಬಿಲ್ಲು ಒಂದು ಸಹಿಗಾಗಿ ಹಣಕಾಸು ವಿಭಾಗದಲ್ಲಿ ಬಿದ್ದಿತ್ತು. ಸ್ಟಾಫ್ ರೂಮಿನಲ್ಲಿ ಮಾತ್ರ "ದುಡ್ಡೇ ಇಲ್ವಂತೆ" ಅನ್ನೋ ಸುದ್ದಿ.

ಮೊದಲು ಬಿಲ್ಲು ಯಾರ ಟೇಬಲ್ ಮೇಲಿದೆ ಅಂತ ನೀವೇ ಹೋಗಿ ನೋಡಿ. ಫೋನಿನಲ್ಲಿ ಕೇಳಿದರೆ "ಪ್ರೊಸೆಸ್‌ನಲ್ಲಿದೆ ಸಾರ್" ಅಂತಷ್ಟೇ ಸಿಗುತ್ತೆ. ಆಮೇಲೆ ವಾಟ್ಸಾಪ್ ಗುಂಪಿಗೆ ಎರಡೇ ಸಾಲು ಹಾಕಿ: ಎಲ್ಲಿ ನಿಂತಿದೆ, ಮತ್ತೆ ಯಾವತ್ತು ತಿಳಿಸುತ್ತೀರಿ. ಆ ದಿನ ಹೊಸದೇನೂ ಇಲ್ಲದಿದ್ದರೂ "ಇನ್ನೂ ಆಗಿಲ್ಲ" ಅಂತಲಾದರೂ ಬರೆಯಿರಿ. ಇದನ್ನು ತಪ್ಪಿಸಿದರೆ ಉಳಿದದ್ದೆಲ್ಲ ಸುಮ್ನೆ.

ಮುಂದಿನ ಸೆಮಿಸ್ಟರ್ ಶುರುವಾಗುವ ಮೊದಲೇ ಯಾರಿಗೆ ಎಷ್ಟು ತರಗತಿ, ದರ ಎಷ್ಟು ಅಂತ ಬರೆದು ಕೊಡಿ. 2019ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಂದು ಉಪನ್ಯಾಸಕ್ಕೆ 1,500 ರೂ., ತಿಂಗಳಿಗೆ ಗರಿಷ್ಠ 50,000 ರೂ. ಎಂದಿದ್ದು ಅವರೆಲ್ಲರಿಗೂ ಬಾಯಿಪಾಠ. ನಿಮ್ಮಲ್ಲಿ ಕಡಿಮೆ ಇದ್ದರೆ ಯಾಕೆ ಅಂತ ನೇರವಾಗಿ ಹೇಳಿ, ಮುಚ್ಚಿಟ್ಟರೆ ಜಾಸ್ತಿ ಆಡಿಕೊಳ್ಳುತ್ತಾರೆ.

ಕಾಯಂ ಅಧ್ಯಾಪಕರೂ ಗೊಣಗುತ್ತಾರೆ ಅಂದಿರಲ್ಲ, ಅದು ಬೇರೆ ಕತೆ. ಬಹುಶಃ ಸಿಎಎಸ್ (ಕಾಯಂ ಅಧ್ಯಾಪಕರ ವೃತ್ತಿ ಬಡ್ತಿ ಯೋಜನೆ) ಬಡ್ತಿಯ ಫೈಲು ಎಲ್ಲೋ ನಿಂತಿರಬೇಕು. ಅದಕ್ಕೆ ಕುಲಸಚಿವರನ್ನೇ ಹಿಡಿಯಬೇಕು.

ಹಣ ನಿಜಕ್ಕೂ ಇಲ್ಲದಿದ್ದರೆ ಹೀಗೆ ತಿಳಿಸುತ್ತಾ ಹೋಗುವುದು ಎಷ್ಟು ತಿಂಗಳು ನಡೆಯುತ್ತೆ ಅಂತ ಹೇಳಲಾರೆ. ಬಿಲ್ಲು ಎಲ್ಲಿದೆ ಅಂತ ಗೊತ್ತಾದ ದಿನವೇ ಮೊದಲ ಮೆಸೇಜ್ ಹಾಕಿ.